ದುಡಿಮೆಯ ಗಂಟೆ ಮತ್ತು ದುಡಿಯುವ ಮನುಷ್ಯ

ಉದ್ಯೋಗಿಯು ವಾರಕ್ಕೆ ಎಷ್ಟು ಗಂಟೆ ದುಡಿಯಬೇಕೆಂಬ ಚರ್ಚೆ ಕೆಲವು ವರ್ಷಗಳಿಂದ ಕಾವೇರಿದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ಯುವಜನರಿಗೆ 70 ಗಂಟೆಗಳ ದುಡಿಮೆಯನ್ನು ಸೂಚಿಸಿದರು. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಗಳ ಮಾತು ವಿವಾದಕ್ಕೆಡೆಯಾಯಿತು. ನಾಡು ಕಟ್ಟಲು ಪರಿಶ್ರಮ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಂಟೆಯೊಂದೇ ಅಳತೆಗೋಲಾದಾಗ ಮನುಷ್ಯ ಗೌಣನಾಗುತ್ತಾನೆ.

ನಮ್ಮ ಉದ್ಯಮ ಚರಿತ್ರೆಯಲ್ಲಿಯೇ ಬೇರೊಂದು ಮಾದರಿಯಿದೆ. ಇಂದಿನ ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ 1912ರಲ್ಲಿಯೇ ಎಂಟು ಗಂಟೆಗಳ ದುಡಿಮೆಯನ್ನೂ 1920ರಲ್ಲಿ ಸವೇತನ ರಜೆ ಹಾಗೂ ಭವಿಷ್ಯನಿಧಿಯನ್ನೂ ಜಾರಿಗೆ ತಂದಿತು. ದೇಶಕ್ಕೆ ಭವಿಷ್ಯನಿಧಿಯ ಕಾಯಿದೆ ಬಂದುದು 1952ರಲ್ಲಿ. ಕಾನೂನು ಕೇಳುವ ಮೊದಲೇ ಕೊಡುವುದು ನಾಯಕತ್ವ. ಹಾಗಿದ್ದೂ ಅಲ್ಲಿ 1920 ಹಾಗೂ 1928ರಲ್ಲಿ ಮುಷ್ಕರಗಳು ನಡೆದವು. ಸೌಲಭ್ಯವಿತ್ತರೆ ಸಾಲದು, ದುಡಿಯುವವನ ಅಹವಾಲಿಗೂ ಕಿವಿಗೊಡಬೇಕೆಂಬ ಪಾಠ ಅದರಲ್ಲಿದೆ.

ಮುಂಬಯಿ ಕನ್ನಡಿಗರಿಗೆ ಇದು ಪರರ ಕಥೆಯಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು, ಬ್ಯಾಂಕು-ಕಚೇರಿಗಳನ್ನು ಸೇರಿದವರು ನಮ್ಮಲ್ಲಿ ಅನೇಕರು. ಸಂಜೆಯ ಬಿಡುವಿತ್ತ ಧಣಿಗಳಿಲ್ಲದಿದ್ದರೆ ಆ ಶಾಲೆಗಳ ಬೆಂಚುಗಳು ಬರಿದಾಗಿಯೇ ಉಳಿಯುತ್ತಿದ್ದವು. ಆ ಬಿಡುವು ಉದ್ಯಮಕ್ಕೆ ನಷ್ಟವಾಗಿ ಕಂಡಿದ್ದರೂ ಸಮಾಜಕ್ಕೆ ಒಂದು ತಲೆಮಾರನ್ನೇ ಗಳಿಸಿಕೊಟ್ಟಿತು.

ಇಂದು ನಮ್ಮವರೇ ಸಂಸ್ಥೆಗಳ ಆಯಕಟ್ಟಿನ ಸ್ಥಾನಗಳಲ್ಲಿದ್ದಾರೆ. ಕೈಕೆಳಗಿನವರ ಸಂಜೆಯನ್ನು ಅವರಿಗೇ ಬಿಟ್ಟುಕೊಡುವ ಔದಾರ್ಯವನ್ನು ಅವರಿಂದ ನಿರೀಕ್ಷಿಸುವುದು ಅತಿಯಾಸೆಯಲ್ಲವೆಂದು ನಾವು ಭಾವಿಸುತ್ತೇವೆ.