ಕಾರಿನಿಂದ ಮನೆಗೆ ಕರೆಂಟ್ ಬರ್ಲಿ, ಎರಡು ಪ್ಲಗ್ಗಿನ ವಯರ್ ಮಾತ್ರ ಬೇಡ

ಹೋದ ಮಳೆಗಾಲದಲ್ಲಿ ನಾಲ್ಕು ದಿನ ತೀರ್ಥಹಳ್ಳಿ ಕಡೆ ನಮ್ಮ ಸೋದರಮಾವನ ಮನೆಗೆ ಹೋಗಿದ್ದೆ. ಹೋದ ಸಂಜೆಯೇ ಎಲ್ಲೋ ಮರ ಬಿದ್ದು ಕರೆಂಟ್ ಹೋಯ್ತು. ಮಲೆನಾಡಿನವರಿಗೆ ಇದೇನು ಸುದ್ದಿ ಅಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಯುಪಿಎಸ್ ಕೂಗಿ ಕೂಗಿ ಸತ್ತಿತು. ಫ್ರಿಜ್‌ನಲ್ಲಿದ್ದ ಹಾಲು ಒಡೀತು. ಅತ್ತೆ ಒರಳುಕಲ್ಲು ಹುಡುಕೋಕೆ ಹೊರಟ್ರು. ಇಷ್ಟೆಲ್ಲ ಆಗ್ತಿರೋವಾಗ ಅಂಗಳದ ಮಾಡಿನ ಕೆಳಗೆ ಮಾವನ ಹೊಸ ಎಲೆಕ್ಟ್ರಿಕ್ ಕಾರು, ಮುಕ್ಕಾಲು ಚಾರ್ಜ್ ಇಟ್ಕೊಂಡು, ಆರಾಮಾಗಿ ನಿಂತಿತ್ತು.

ಲೆಕ್ಕ ನೋಡಿ. ಮನೆ ಯುಪಿಎಸ್‌ನ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಅಂದ್ರೆ 1.8 ಯೂನಿಟ್. ಅದೂ ಹೊಸದಿದ್ದಾಗ, ಪೂರ್ತಿ ಹಿಂಡಿದ್ರೆ. ಮಾವನ ಕಾರಿನ ಬ್ಯಾಟರಿ 40 ಯೂನಿಟ್. ಹೆಚ್ಚುಕಮ್ಮಿ ಇಪ್ಪತ್ತೆರಡು ಯುಪಿಎಸ್ ಬ್ಯಾಟರಿ ಅಂಗಳದಲ್ಲಿ ಗಾಲಿ ಹಾಕ್ಕೊಂಡು ನಿಂತಿವೆ, ನಾವು ಒಳಗೆ ಮೇಣದಬತ್ತಿ ಹಚ್ಚಿದ್ದೀವಿ! ಆ ಕಾರಿನಲ್ಲಿ ವಿ-ಟು-ಎಲ್ ಇದೆ. ಚಾರ್ಜಿಂಗ್ ಬಾಯಿಗೆ ಒಂದು ಅಡಾಪ್ಟರ್ ಸಿಕ್ಕಿಸಿದ್ರೆ 230 ವೋಲ್ಟ್ ಸಾಕೆಟ್ ಸಿಗುತ್ತೆ, ಮೂರು ಕಿಲೋವ್ಯಾಟ್ ಮೇಲೆ ಎಳೀಬಹುದು. ನಮ್ಮಲ್ಲಿ ಮಾರೋ ನೆಕ್ಸಾನ್ ಇವಿ, ಐಯಾನಿಕ್ 5 ತರದ ಕಾರುಗಳಲ್ಲೂ ಇದು ಬಂದಿದೆ.

ಮನೆಗೆ ಎಷ್ಟು ಬೇಕು? ಎಲ್‌ಇಡಿ ಬಲ್ಬು, ಫ್ರಿಜ್, ವೈಫೈ, ಮೊಬೈಲು, ಸ್ವಲ್ಪ ಹೊತ್ತು ಮಿಕ್ಸಿ, ಅಜ್ಜಿಯ ಧಾರಾವಾಹಿ. ಮಲೆನಾಡಿನ ಮಳೆಗಾಲದಲ್ಲಿ ಫ್ಯಾನ್ ಯಾರಿಗೂ ಬೇಡ. ದಿನಕ್ಕೆ ಮೂರು ಯೂನಿಟ್ ಸಾಕು. ಕಾರು ಆನ್ ಇರೋಕೆ ತನಗೂ ಒಂದಿಷ್ಟು ತಿನ್ನುತ್ತೆ, ಇನ್ವರ್ಟರ್‌ನಲ್ಲೂ ನಷ್ಟ ಇದೆ. ಎಲ್ಲ ಸೇರಿ ಧಾರಾಳವಾಗಿ ಆರು ಅಂತ ಇಟ್ಕೊಳ್ಳಿ. ಪೂರ್ತಿ ಚಾರ್ಜ್ ಆದ ಕಾರಿನಲ್ಲಿ ರಾತ್ರಿ ಆಸ್ಪತ್ರೆಗೆ ಹೋಗಬೇಕಾದ್ರೆ ಅಂತ ಶೇಕಡ 30 ಉಳಿಸಿದ್ರೂ ನಾಲ್ಕು ದಿನ ದಾಟುತ್ತೆ. ‘ಬ್ಯಾಟರಿ ಹಾಳಾಗಲ್ವಾ?’ ಅಂತ ಮಾವ ಕೇಳಿದ್ರು. ಅದೇ ಬ್ಯಾಟರಿ ಹೈವೇಲಿ ಹೋಗೋವಾಗ ಹತ್ತು ಹದಿನೈದು ಕಿಲೋವ್ಯಾಟ್ ಒಂದೇ ಸಮ ಕೊಡುತ್ತೆ. ಫ್ರಿಜ್ಜು, ಬಲ್ಬು ಅದಕ್ಕೆ ಸೊಳ್ಳೆ ಕಚ್ಚಿದ ಹಾಗೆ. ವಾರಂಟಿ ಪುಸ್ತಕದಲ್ಲಿ ಏನಿದೆ ಅಂತ ಒಮ್ಮೆ ಓದಿಕೊಳ್ಳಿ, ಅಷ್ಟೇ.

ಇಲ್ಲೀವರೆಗೆ ಎಲ್ಲ ಸರಿ. ತಪ್ಪು ಮಾಡಿದ್ದು ಮುಂದೆ, ಅದೂ ನಾನೇ.

ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಫ್ರಿಜ್ ಹಾಕಿದ್ವಿ, ಓಡ್ತು. ಆದ್ರೆ ಬಲ್ಬುಗಳಿಗೆಲ್ಲ ಬೋರ್ಡ್ ಎಳೆಯೋಕಾಗುತ್ತಾ? ಇಇಇ ಮೂರನೇ ವರ್ಷದ ಬುದ್ಧಿ ಕೆಲಸ ಮಾಡ್ತು. ಒಂದು ವಯರ್, ಎರಡೂ ತುದಿಗೆ ಪ್ಲಗ್. ಒಂದು ಕಾರಿನ ಸಾಕೆಟ್ಟಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಮನೆ ಪೂರ್ತಿ ಬೆಳಗುತ್ತೆ. ವಯರ್ ಸಿದ್ಧ ಮಾಡಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ, ಅಷ್ಟರಲ್ಲಿ ನಮ್ಮ ಕಡೆ ಲೈನ್ ನೋಡೋ ಲೈನ್‌ಮನ್ ಮಳೆಕೋಟಿನಲ್ಲಿ ತೋಟದ ಕಡೆಯಿಂದ ಬಂದ್ರು. ನೀರು ಕೇಳೋಕೆ ಬಂದವರು ನನ್ನ ಕೈ ನೋಡಿದ್ರು.

‘ಎಂತ ಮಾರಾಯ ಅದು? ನಾನೀಗ ನಿಮ್ಮನೆ ಕಂಬ ಹತ್ತೋನು.’

ಅಷ್ಟೇ ಹೇಳಿದ್ದು. ಬೈದಿದ್ರೆ ಚೆನ್ನಾಗಿತ್ತು.

ಗೋಡೆಯ ಸಾಕೆಟ್ಟಿಗೆ ಕೊಟ್ಟ ಕರೆಂಟ್ ಬಲ್ಬಿಗೆ ಮಾತ್ರ ಹೋಗಲ್ಲ. ಮೈನ್ ಸ್ವಿಚ್ ಆನ್ ಇದ್ರೆ ಮೀಟರ್ ದಾಟಿ ಕಂಬಕ್ಕೂ ಹೋಗುತ್ತೆ. ಟ್ರಾನ್ಸ್‌ಫಾರ್ಮರ್‌ಗೆ ಹಿಂದು ಮುಂದು ಅನ್ನೋದಿಲ್ಲ. ಟಿ.ಸಿ.ಯ ಈ ಕಡೆಯಿಂದ 230 ವೋಲ್ಟ್ ಕೊಟ್ರೆ ಆ ಕಡೆ ಹತ್ತು ಸಾವಿರದ ಆಸುಪಾಸು ಬರುತ್ತೆ. ಇದನ್ನು ಪರೀಕ್ಷೆಯಲ್ಲಿ ಹತ್ತು ಮಾರ್ಕ್ಸಿಗೆ ಬರೆದಿದ್ದೇನೆ. ವಯರ್ ಸುತ್ತೋವಾಗ ನೆನಪಾಗ್ಲಿಲ್ಲ.

ಹಾಸ್ಟೆಲ್‌ನಲ್ಲಿ ಈ ಕಥೆ ಹೇಳಿದಾಗ ಒಬ್ಬ ವಾದ ಮಾಡಿದ: ‘ಹಂಗೆಲ್ಲ ಆಗಲ್ಲ ಗುರು. ಇಡೀ ಊರಿನ ಲೋಡ್ ಕಾರಿನ ಮೇಲೆ ಬೀಳುತ್ತೆ, ಒಂದೇ ಸೆಕೆಂಡಲ್ಲಿ ಟ್ರಿಪ್ ಆಗುತ್ತೆ.’ ಬೆಂಗಳೂರಿನ ಬಡಾವಣೇಲಿ ಬಹುಶಃ ಹಾಗೇ ಆಗುತ್ತೆ. ಮೂರು ಕಿಲೋವ್ಯಾಟಿನ ಕಾರು ಐವತ್ತು ಮನೆ ಹೊರೋಕಾಗಲ್ಲ. ಆದ್ರೆ ಮಾವನ ಮನೆಗೆ ಬರೋದು ತೋಟದ ನಡುವೆ ಬರೋ ಒಂಟಿ ಲೈನು. ಅಡಿಕೆ ಮರ ಬಿದ್ದು ತಂತಿ ತುಂಡಾಗಿದ್ದು ಅದರಲ್ಲೇ. ತುಂಡಾದ ತಂತಿಯ ಈ ಕಡೆ ಇರೋದು ಒಂದೇ ಮನೆ, ನಮ್ಮದು. ಕಾರು ಟ್ರಿಪ್ ಆಗೋಕೆ ಕಾರಣವೇ ಇಲ್ಲ. ಟಿ.ಸಿ. ಫ್ಯೂಸ್ ಕಿತ್ತು ಬಂದ ಲೈನ್‌ಮನ್‌ಗೆ ಆ ತಂತಿ ಸತ್ತಿದೆ ಅಂತ ನಂಬಿಕೆ. ಒದ್ದೆ ನೆಲದ ಮೇಲೆ ನಿಂತವನಿಗೆ ಹತ್ತು ಸಾವಿರ ವೋಲ್ಟ್ ಯಾಕೆ, 230 ಸಾಕು.

ಚಾವಣಿ ಸೋಲಾರ್ ಹಾಕಿಸಿದವರು ‘ಬಿಸಿಲು ಇದ್ರೂ ಕರೆಂಟ್ ಹೋದ್ರೆ ನಮ್ಮನೇಲೂ ಕತ್ತಲೆ’ ಅಂತ ಗೊಣಗೋದು ಕೇಳಿರ್ತೀರಿ. ಅದು ಇದೇ ಕಾರಣಕ್ಕೆ. ಲೈನ್ ಸತ್ತ ಕೂಡಲೇ ಆ ಇನ್ವರ್ಟರ್ ತಾನೇ ನಿಲ್ಲಬೇಕು ಅನ್ನೋದು ನಿಯಮ. ವಿ-ಟು-ಎಲ್‌ಗೆ ಈ ಬುದ್ಧಿ ಇಲ್ಲ. ಅದನ್ನು ಮಾಡಿರೋದು ಕ್ಯಾಂಪಿಂಗ್ ಹೋದಾಗ ಟೀ ಕಾಯಿಸೋಕೆ. ತನ್ನ ಸಾಕೆಟ್ಟಿನ ಆಚೆ ಕೆಟಲ್ ಇದೆಯೋ ಊರಿನ ಲೈನ್ ಇದೆಯೋ ಅದಕ್ಕೆ ಗೊತ್ತಿಲ್ಲ.

ಹೊರಗಿನವರು ಇದನ್ನು ಹೇಗೆ ಮಾಡಿದ್ರು? ಜಪಾನ್‌ನಲ್ಲಿ 2011ರ ಭೂಕಂಪ, ಸುನಾಮಿ ಆದ್ಮೇಲೆ ನಿಸ್ಸಾನ್ 2012ರಲ್ಲಿ ಲೀಫ್ ಕಾರಿನಿಂದ ಮನೆಗೆ ಕರೆಂಟ್ ಕೊಡೋ ವ್ಯವಸ್ಥೆ ತಂತು. 24 ಯೂನಿಟ್ ಬ್ಯಾಟರಿ, 6 ಕಿಲೋವ್ಯಾಟ್. ಅಮೆರಿಕದಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್ 9.6 ಕಿಲೋವ್ಯಾಟ್ ವರೆಗೆ ಮನೆಗೆ ಕೊಡುತ್ತೆ. ಎರಡರಲ್ಲೂ ಕಾರಿನ ಜೊತೆ ಮನೆಗೆ ಅಂತಲೇ ಬೇರೆ ಉಪಕರಣ ಇದೆ. ಹೊರಗಿನ ಲೈನನ್ನು ಮನೆಯಿಂದ ಬಿಡಿಸಿದ ಮೇಲೇ ಕಾರಿನ ಕರೆಂಟ್ ಒಳಗೆ ಬರೋದು.

ನಮಗೆ ಅಷ್ಟು ದುಬಾರಿ ಪೆಟ್ಟಿಗೆ ಬೇಕಿಲ್ಲ. ಜನರೇಟರ್ ಇರೋ ಅಂಗಡಿಗಳಲ್ಲಿ ಕಾಣೋ ಚೇಂಜ್ ಓವರ್ ಸ್ವಿಚ್ ಗೊತ್ತಲ್ಲ, ಹಿಡಿಕೆ ಈ ಕಡೆ ಎಳೆದ್ರೆ ಲೈನು, ಆ ಕಡೆ ಎಳೆದ್ರೆ ಜನರೇಟರ್, ಎರಡೂ ಒಟ್ಟಿಗೆ ಯಾವತ್ತೂ ಇಲ್ಲ. ಅದೇ ಸಾಕು. ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸೋ ತರದ್ದು ಇರಬೇಕು, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಹಾಕಬೇಕು. ಅರ್ಥಿಂಗ್ ವಿಚಾರ ಅವರ ಹತ್ರ ಕೂತು ಮಾತಾಡಿ. ಕಾರಿನ ಸಾಕೆಟ್ಟಿನಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಭೂಮಿಗೆ ಕಟ್ಟಿರಲ್ಲ, ಹಾಗಾಗಿ ಮನೆಯ ಆರ್‌ಸಿಸಿಬಿ ನಾವು ಅಂದ್ಕೊಂಡ ಹಾಗೆ ಕೆಲಸ ಮಾಡದೇ ಇರಬಹುದು.

ನನ್ನ ತಕರಾರು ಕಾರು ಮಾರೋರ ಮೇಲೆ. ಲಕ್ಷಗಟ್ಟಲೆ ಕೊಟ್ಟು ಕಾರು ತಗೊಂಡೋರಿಗೆ ಕೀ ಜೊತೆ ಹಾರ, ಫೋಟೋ, ಸ್ವೀಟ್ ಬಾಕ್ಸ್ ಎಲ್ಲ ಕೊಡ್ತಾರೆ. ‘ಇದರಿಂದ ಮನೆ ನಡೆಸಬಹುದು, ಹೀಗೆ ನಡೆಸಿ, ಹೀಗೆ ಮಾತ್ರ ಬೇಡ’ ಅಂತ ಮಾವನಿಗೆ ಯಾರೂ ಹೇಳಿರ್ಲಿಲ್ಲ. ಹೇಳದಿದ್ರೆ ಜನ ಸುಮ್ಮನಿರ್ತಾರಾ? ಕತ್ತಲೇಲಿ ಕೂತೋರ ಮನೇಲಿ ನನ್ನಂಥ ಒಬ್ಬ ಇಂಜಿನಿಯರ್ ಇದ್ದೇ ಇರ್ತಾನೆ. ಬೇಡ ಅನ್ನೋದು ಪರಿಹಾರ ಅಲ್ಲ. ಚೇಂಜ್ ಓವರ್ ಸ್ವಿಚ್ಚನ್ನೂ ಕಾರಿನ ಜೊತೆಗೇ ಮಾರಿ, ಹೋಮ್ ಚಾರ್ಜರ್ ಹಾಕೋಕೆ ಬರೋ ಹುಡುಗನೇ ಅದನ್ನೂ ಹಾಕಿ ಹೋಗ್ಲಿ. ಇನ್ನೊಂದು, ಕಾರು ಇರೋದು ಎಷ್ಟು ಮನೇಲಿ? ನಮ್ಮ ಕಾಲೇಜ್ ಪಾರ್ಕಿಂಗ್ ತುಂಬಾ ಎಲೆಕ್ಟ್ರಿಕ್ ಸ್ಕೂಟರ್. ಮೂರು ನಾಲ್ಕು ಯೂನಿಟ್ ಬ್ಯಾಟರಿ, ಅಂದ್ರೆ ಯುಪಿಎಸ್‌ಗಿಂತ ದೊಡ್ಡದು. ನಾನು ನೋಡಿದ ಒಂದರಲ್ಲೂ 230 ವೋಲ್ಟ್ ಸಾಕೆಟ್ ಇಲ್ಲ. ಹಾಗಂತ ಬ್ಯಾಟರಿ ಬಿಚ್ಚೋಕೆ ಹೋಗ್ಬೇಡಿ, ದಯವಿಟ್ಟು. ಕಂಪನಿಯೇ ಕೊಡ್ಬೇಕು, ಕೇಳೋಣ.

ಮಾವ ದೀಪಾವಳಿ ಹೊತ್ತಿಗೆ ಚೇಂಜ್ ಓವರ್ ಹಾಕಿಸಿದ್ರು. ಹೋದ ವಾರ ಫೋನ್: ‘ಏ ಇಂಜಿನಿಯರ್, ಎಲ್ಲ ಓಡುತ್ತೆ, ಬಾವಿ ಪಂಪ್ ಹಾಕಿದ್ರೆ ಮಾತ್ರ ಕಾರು ಆಫ್ ಆಗುತ್ತೆ. ಒಂದು ಎಚ್‌ಪಿ ಅಷ್ಟೇ ಅಲ್ವೇನೋ?’ ಓಡೋವಾಗ ಒಂದೇ ಎಚ್‌ಪಿ ಮಾವ, ಸ್ಟಾರ್ಟ್ ಆಗೋ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತೆ ಅಂದೆ. ಅದಕ್ಕೆ ಏನಾದ್ರೂ ಮಾಡು ಅಂದಿದ್ದಾರೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಟೀಮಲ್ಲಿ ಇನ್ನೂ ಎರಡು ಜಾಗ ಖಾಲಿ ಇದೆ.