ಒಪ್ಪಿಗೆ ಪತ್ರದ ಆ ಖಾಲಿ ಜಾಗದಲ್ಲಿ ‘ಕನ್ನಡ’ ಅಂತ ಬರೆಸಿ

ಗಡಿನಾಡಿನ ಗೆಳೆಯರೇ, ಬೋರ್ಡು, ಶಾಲೆ, ಪಠ್ಯಪುಸ್ತಕ ಅಂತ ನಾವು ದಿನಾ ಮಾತಾಡ್ತೇವೆ. ಇವತ್ತು ಯಾರೂ ಬಾಯಿಬಿಟ್ಟು ಮಾತಾಡದ ಜಾಗದ ಬಗ್ಗೆ ಹೇಳಬೇಕಿದೆ: ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳ ವೈದ್ಯಕೀಯ ಪರೀಕ್ಷೆ ನಡೆಯುವ ಕೋಣೆ.

ಈ ಪರೀಕ್ಷೆಗೆ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಒಪ್ಪಿಗೆ ಪತ್ರದಲ್ಲಿ ಒಂದು ಖಾಲಿ ಜಾಗವಿದೆ. ಪರೀಕ್ಷೆಯ ವಿಷಯವನ್ನು ಆಕೆಗೆ ಯಾವ ಭಾಷೆಯಲ್ಲಿ ವಿವರಿಸಲಾಯಿತು ಎಂದು ಅಲ್ಲಿ ಬರೆಯಬೇಕು. ದುಭಾಷಿ ನೆರವಾಗಿದ್ದರೆ ಅವರ ಹೆಸರು, ಸಹಿಯೂ ಬೇಕು. ಕಾಸರಗೋಡಿನಲ್ಲಿ ಮಲಯಾಳ, ತಾಳವಾಡಿಯಲ್ಲಿ ತಮಿಳು, ಜತ್ತದಲ್ಲಿ ಮರಾಠಿ ಅಂತ ಅದನ್ನು ಸುಮ್ಮನೆ ತುಂಬಿಬಿಟ್ಟರೆ? ಅರ್ಥವಾಗದ ಕಾಗದಕ್ಕೆ ಹಾಕಿದ ಸಹಿ ಒಪ್ಪಿಗೆ ಹೇಗಾದೀತು?

ಭಾಷಾಭಿಮಾನ ಪಕ್ಕಕ್ಕಿಡಿ, ಇಲ್ಲಿ ಸಾಕ್ಷ್ಯವೇ ಪಣಕ್ಕಿದೆ. ಏನಾಯಿತು, ಎಷ್ಟು ಹೊತ್ತಾಯಿತು, ಆಮೇಲೆ ಸ್ನಾನ ಆಯಿತಾ, ಬಟ್ಟೆ ಬದಲಿಸಿದ್ದಾಯಿತಾ ಅಂತ ವೈದ್ಯರು ಕೇಳುತ್ತಾರೆ. ಯಾವ ಸ್ಯಾಂಪಲ್ ಎಲ್ಲಿಂದ ತೆಗೆಯಬೇಕು ಅನ್ನೋದು ಆ ಉತ್ತರಗಳ ಮೇಲೆ ನಿಂತಿದೆ. ಒಂದು ಮಾತು ತಪ್ಪಾಗಿ ಅರ್ಥವಾದರೆ ಸಿಗಬೇಕಾದ ಸ್ಯಾಂಪಲ್ಲೇ ತಪ್ಪಿಹೋಗುತ್ತದೆ. ಮುಂದೆ ಕೋರ್ಟಿನಲ್ಲಿ, ‘ಡಾಕ್ಟರ ಮುಂದೆ ಒಂದು, ಪೊಲೀಸರ ಮುಂದೆ ಇನ್ನೊಂದು ಹೇಳಿದ್ದಾಳೆ’ ಅಂತ ಎದುರು ವಕೀಲರು ಹಿಡಿಯುತ್ತಾರೆ.

ಇಷ್ಟು ತಿಳಿದಿರಲಿ:

▪ ಆಕೆ ನೇರವಾಗಿ ಆಸ್ಪತ್ರೆಗೆ ಹೋದರೆ, ಚಿಕಿತ್ಸೆ-ಪರೀಕ್ಷೆಗೆ ಮೊದಲು ಎಫ್‌ಐಆರ್ ತನ್ನಿ ಎನ್ನುವಂತಿಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು. ನಿರಾಕರಿಸಿದರೆ ಒಂದು ವರ್ಷದವರೆಗೆ ಜೈಲು.

▪ ಪೊಲೀಸರಿಗೆ ಸುದ್ದಿ ಮುಟ್ಟಿದ 24 ಗಂಟೆಯೊಳಗೆ ಆಕೆಯನ್ನು ವೈದ್ಯರ ಬಳಿ ಕಳಿಸಬೇಕು. ವೈದ್ಯರ ವರದಿ 7 ದಿನದೊಳಗೆ ತನಿಖಾಧಿಕಾರಿಗೆ ತಲುಪಬೇಕು.

▪ ಸ್ವ್ಯಾಬ್ ತೆಗೆಯಲು ಮಾರ್ಗಸೂಚಿ ಕೊಟ್ಟಿರುವ ಅವಧಿ 96 ಗಂಟೆ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ತಡವಾಗಿದ್ದರೂ, ಸ್ನಾನ ಆಗಿದ್ದರೂ ಆಸ್ಪತ್ರೆಗೆ ಹೋಗಿ.

▪ ಅಂದು ತೊಟ್ಟ ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್‌ನಲ್ಲಿ ತೇವಕ್ಕೆ ಸಾಕ್ಷ್ಯ ಕೆಡುತ್ತದೆ; ಕಾಗದದ ಚೀಲದಲ್ಲಿ ಇಡಿ.

▪ ಪರೀಕ್ಷೆಯ ಯಾವ ಹಂತವನ್ನಾದರೂ ಆಕೆ ಬೇಡ ಎನ್ನಬಹುದು. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

▪ ‘ಎರಡು ಬೆರಳ ಪರೀಕ್ಷೆ’ ಮಾಡಿದ ವೈದ್ಯರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.

▪ 18 ತುಂಬದ ಹುಡುಗಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ದೂರು ಬರೆದುಕೊಳ್ಳುವ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿ ಕೊಡಲೇಬೇಕು. ಪೋಕ್ಸೊ ಕಾಯ್ದೆಯಲ್ಲೇ ಇದು ಇದೆ.

ಇನ್ನು ಗಡಿಯ ಮಾತು. ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ ಹೋಗಿಬರುವವರು. ಘಟನೆ ಒಂದು ರಾಜ್ಯದಲ್ಲಿ, ಆಸ್ಪತ್ರೆ ಇನ್ನೊಂದರಲ್ಲಿ ಆಗಬಹುದು. ‘ನಮ್ಮ ವ್ಯಾಪ್ತಿಯಲ್ಲ’ ಅಂತ ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಎಲ್ಲೇ ನಡೆದಿದ್ದರೂ ಝೀರೋ ಎಫ್‌ಐಆರ್ ದಾಖಲಿಸಬೇಕು.

ಎರಡು ನುಡಿ ಬಲ್ಲ ನಮ್ಮ ಹುಡುಗ-ಹುಡುಗಿಯರಿಗೆ ಇಲ್ಲಿ ಕೆಲಸವಿದೆ. ಆಕೆ ಬಯಸಿದರೆ ಮಾತ್ರ ಜೊತೆಗೆ ಹೋಗಿ. ಆಕೆ ಹೇಳಿದ್ದನ್ನೇ ಹೇಳಿ. ಮರ್ಯಾದೆ ಉಳಿಸ್ತೇವೆ ಅಂತ ಮಾತು ತಿದ್ದಬೇಡಿ, ನಿಮ್ಮದೊಂದು ಸೇರಿಸಬೇಡಿ. ಹೆಸರು, ಫೋಟೋ, ಊರು ವಾಟ್ಸಾಪಿಗೆ ಹಾಕಬೇಡಿ. ಗುರುತು ಬಯಲು ಮಾಡುವುದೂ ಅಪರಾಧವೇ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಗಡಿ ತಾಲ್ಲೂಕಿನ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಕನ್ನಡ ಬಲ್ಲ ಸಿಬ್ಬಂದಿಯ ಪಟ್ಟಿ ಇರಲಿ, ಒಪ್ಪಿಗೆ ಪತ್ರದ ಕನ್ನಡ ಪ್ರತಿ ಕೈಗೆ ಸಿಗುವಂತಿರಲಿ. ಈ ವಾರ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಮನವಿ ಕೊಡಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098.