‘ಹ್ಯಾಸ್ ವೆಂಟ್’ ಎಂದವನ ಅಪರಾಧವೇನು?

ಹಿಂದಿನ ವರ್ಷ ಒಂದು ಕಾಲೇಜಿನ ಚರ್ಚಾಸ್ಪರ್ಧೆಗೆ ನಾನೂ ಒಬ್ಬ ತೀರ್ಪುಗಾರನಾಗಿ ಹೋಗಿದ್ದೆ. ಹಳ್ಳಿಯ ಹುಡುಗನೊಬ್ಬ ತನ್ನೂರ ಕೆರೆಯ ಏರಿ ಒಡೆದ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ‘ವಿ ಹ್ಯಾವ್ ರೋಟ್ ಮೆನಿ ಲೆಟರ್ಸ್’ ಎಂದ. ಮುಂದಿನ ಸಾಲಿನವರು ಮುಸಿಮುಸಿ ನಕ್ಕರು. ‘ಆಲ್ ದ ವಾಟರ್ ಹ್ಯಾಸ್ ವೆಂಟ್’ ಎಂದ, ಸಭೆಯೇ ಘೊಳ್ಳೆಂದಿತು. ಹುಡುಗ ಮಾತನ್ನು ಅರ್ಧಕ್ಕೇ ಬಿಟ್ಟು ವೇದಿಕೆಯಿಂದಿಳಿದ. ಕೆರೆಯ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ. ನಕ್ಕವರಲ್ಲಿ ಅಧ್ಯಾಪಕರೂ ಇದ್ದರೆಂಬುದು ನನ್ನ ದೂರು. ನಾನು ಸುಮ್ಮನೆ ಕುಳಿತಿದ್ದೆನೆಂಬುದು ನನ್ನ ನಾಚಿಕೆ.

‘ಹ್ಯಾವ್ ರಿಟನ್’, ‘ಹ್ಯಾಸ್ ಗಾನ್’ ಎನ್ನಬೇಕಿತ್ತು, ನಿಜ. ತಪ್ಪು ತಪ್ಪೇ. ಆದರೆ ಅದು ದಡ್ಡತನದ ತಪ್ಪಲ್ಲ. ನಮ್ಮ ನುಡಿಯನ್ನು ನೋಡಿ: ಬರೆದನು, ಬರೆದಿದ್ದಾನೆ, ಬರೆದ ಕಾಗದ. ಮೂರರಲ್ಲೂ ಭೂತಕಾಲದ ಅಂಗ ಒಂದೇ. ಇಂಗ್ಲಿಷಿನಲ್ಲೂ ಬಹುಪಾಲು ಧಾತುಗಳು ಹೀಗೆಯೇ ನಡೆಯುತ್ತವೆ. ‘ವಾಕ್ಡ್’ ಎಂಬ ಒಂದೇ ರೂಪ ಭೂತಕಾಲಕ್ಕೂ ಆದೀತು, ಕೃದಂತಕ್ಕೂ ಆದೀತು. ಹುಡುಗ ನಿಯಮವನ್ನು ನಂಬಿದ. ನಿಯಮ ಅವನಿಗೆ ಕೈಕೊಟ್ಟಿತು.

ಇಂಗ್ಲಿಷರಾದರೂ ಹುಟ್ಟುತ್ತಲೇ ಇದನ್ನು ಸರಿಯಾಗಿ ನುಡಿದವರೇ? ‘ವೆಂಟ್’ ಎಂಬುದು ಮೂಲತಃ ‘ಗೋ’ ಧಾತುವಿನದೇ ಅಲ್ಲ. ‘ವೆಂಡ್’ ಎಂಬ ಬೇರೆ ಧಾತುವಿನಿಂದ ಬಂದ ಸಾಲ. ‘ಸ್ಪೋಕನ್’ ಎನ್ನಬೇಕಾದಲ್ಲಿ ಶೇಕ್ಸ್‌ಪಿಯರನೇ ‘ಸ್ಪೋಕ್’ ಎಂದದ್ದುಂಟು. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ತನ್ನ ವ್ಯಾಕರಣದಲ್ಲಿ ಇಂಥದೇ ತಪ್ಪಿಗಾಗಿ ಮಹಾಕವಿ ಮಿಲ್ಟನನನ್ನೂ ಹಿಡಿದು ನಿಲ್ಲಿಸಿದ. ‘ಗೆಟ್’ ಧಾತುವಿಗೆ ಅಮೆರಿಕದವರು ಇಂದಿಗೂ ‘ಗಾಟನ್’ ಎನ್ನುತ್ತಾರೆ. ಇಂಗ್ಲೆಂಡಿನವರಿಗೆ ‘ಗಾಟ್’ ಸಾಕು. ಮಿಲ್ಟನನಿಗೆ ದೊರೆಯುವ ಕ್ಷಮೆ ನಮ್ಮ ಹುಡುಗನಿಗೇಕಿಲ್ಲ?

ಪರದೇಶದವರೊಬ್ಬರು ಕನ್ನಡ ಕಲಿತು, ‘ನಿಂತೆ’ ಎನ್ನದೆ ‘ನಿಲ್ಲಿದೆ’ ಎಂದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಬರು–ಬಂದ, ಕೊಲ್ಲು–ಕೊಂದ, ಸಾಯು–ಸತ್ತ, ಕೀಳು–ಕಿತ್ತ: ನಮ್ಮಲ್ಲೇನು ವಕ್ರಗತಿಗೆ ಬಡತನವೇ? ಅವರ ತಪ್ಪು ನಮಗೆ ಮುದ್ದು, ನಮ್ಮವನ ತಪ್ಪು ನಗೆಪಾಟಲು. ಇದು ವ್ಯಾಕರಣಪ್ರೀತಿಯಲ್ಲ, ಗುಲಾಮಬುದ್ಧಿ.

ತಿದ್ದುವುದು ಬೇಡವೆನ್ನುವವನು ನಾನಲ್ಲ. ಪರೀಕ್ಷೆ, ಅರ್ಜಿ, ಸಂದರ್ಶನಗಳಲ್ಲಿ ‘ಹ್ಯಾವ್ ವೆಂಟ್’ ಎಂದವನಿಗೆ ನಷ್ಟವುಂಟು. ಆದರೆ ನಾವು ಕಲಿಸುವ ಬಗೆಯೇನು? ‘ಗೋ–ವೆಂಟ್–ಗಾನ್’, ‘ರೈಟ್–ರೋಟ್–ರಿಟನ್’ ಎಂದು ಮಗ್ಗಿಯಂತೆ ಉರುಹೊಡೆಸುತ್ತೇವೆ. ಮೂರನೆಯದು ಒಂಟಿಯಾಗಿ ನಡೆಯದು, ‘ಹ್ಯಾವ್’ ಎಂಬ ಜೊತೆಗಾರ ಬೇಕು ಎಂಬುದನ್ನೇ ಬಾಯಿಗೆ ಬರಿಸುವುದಿಲ್ಲ. ‘ಹ್ಯಾವ್ ಗಾನ್’, ‘ಹ್ಯಾವ್ ರಿಟನ್’, ‘ಹ್ಯಾವ್ ಡ್ರಂಕ್’ ಎಂದು ಜೋಡಿಯಾಗಿಯೇ, ಪುಟ್ಟ ವಾಕ್ಯಗಳಲ್ಲಿ ಆಡಿಸಿರಿ. ‘ಹೀ ಗಾನ್’ ಎಂಬ ಇನ್ನೊಂದು ತಪ್ಪೂ ತಾನಾಗಿ ಕಡಮೆಯಾದೀತು.

ನಗುವುದು ಕಲಿಸುವುದಲ್ಲ. ಅಂದು ಆ ಹುಡುಗ ಕಳೆದುಕೊಂಡದ್ದು ಒಂದು ಕೃದಂತವನ್ನಷ್ಟೆ. ನಾವು ಕಳೆದುಕೊಂಡದ್ದು ಒಂದು ಊರಿನ ಮಾತನ್ನು.